ಗಡಿಯಾರ ಕೆಟ್ಟಿರಲಿಲ್ಲ

2024ರ ಡಿಸೆಂಬರ್ ತಿಂಗಳ ಒಂದು ರಾತ್ರಿ, ಎರಡು ಗಂಟೆಯ ಸುಮಾರಿಗೆ, ನಮ್ಮ ಮನೆಯ ಕರೆಗಂಟೆ ಸದ್ದು ಮಾಡಿತು. ಎದ್ದು ಬಂದು ನೋಡಿದರೆ ಮುಂಬಾಗಿಲು ಆಗಲೇ ತೆರೆದಿತ್ತು. ಎದುರುಮನೆಯ ಹುಡುಗ ಹೊಸ್ತಿಲ ಬಳಿ ನಿಂತಿದ್ದ. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಕ್ಯಾಬಿನಿಂದ ಇಳಿದವನು. ಅವನ ಹಿಂದೆ ಬೀದಿದೀಪದ ಬೆಳಕಿನಲ್ಲಿ ಎಂಬತ್ತೆರಡು ವರ್ಷದ ನನ್ನ ತಾಯಿ, ತಲೆಗೆ ಶಾಲು ಸುತ್ತಿಕೊಂಡು, ಗೇಟಿನ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆಯುತ್ತಿದ್ದರು.

‘ಧನುರ್ಮಾಸ ಅಲ್ವೇನೋ, ಬೆಳಕು ಹರಿಯೋದ್ರೊಳಗೆ ಪೂಜೆ ಆಗ್ಬೇಕು. ಐದು ಗಂಟೆ ಆಗಿರ್ಬೇಕು ಅಂದ್ಕೊಂಡೆ’ ಎಂದರು ಅವರು, ತುಸು ಅಳುಕಿನಿಂದ.

‘ಗಡಿಯಾರ ನೋಡಲಿಲ್ವೇನಮ್ಮ?’

‘ಎಲ್ಲಿಂದ ನೋಡಲಿ? ನಿಮ್ಮಪ್ಪನ ಗಡಿಯಾರ ಕಣ್ಣು ಮುಚ್ಚಿ ಹತ್ತು ದಿನ ಆಯ್ತಲ್ಲ.’

ಅಪ್ಪನ ಗಡಿಯಾರವೆಂದು ಅವರು ಕರೆಯುತ್ತಿದ್ದುದು ಒಂದು ಟಿ.ವಿ. ರೆಕಾರ್ಡರನ್ನು. 2009ರಲ್ಲಿ ನನ್ನ ತಮ್ಮ ದುಬೈಯಿಂದ ಬರುವಾಗ ತಂದುಕೊಟ್ಟದ್ದು. ಒಳಗೆ 160 ಗಿಗಾಬೈಟಿನ ಹಾರ್ಡ್ ಡಿಸ್ಕು, ಪಕ್ಕದಲ್ಲಿ ಡಿವಿಡಿ ಹಾಕುವ ತಟ್ಟೆ. ಟಿ.ವಿ.ಯಲ್ಲಿ ಬರುವ ಕಾರ್ಯಕ್ರಮವನ್ನು ಅಂಕೀಯ ರೂಪದಲ್ಲಿ ದಾಖಲಿಸಿಕೊಂಡು, ಬೇಕೆಂದಾಗ ತೋರಿಸುವ ಯಂತ್ರ. ಮುಂಭಾಗದ ಕಪ್ಪು ಗಾಜಿನ ಹಿಂದೆ ನಾಲ್ಕು ಅಂಕಿಗಳ ಗಡಿಯಾರ. ಹಸಿರೆನ್ನಲೂ ಆಗದ, ನೀಲಿಯೆನ್ನಲೂ ಆಗದ ತಂಪಾದ ಬೆಳಕು.

ಈ ಗಡಿಯಾರ ಅಲಂಕಾರಕ್ಕಿದ್ದುದಲ್ಲ. ಇಂತಿಷ್ಟು ಹೊತ್ತಿಗೆ ಇಂಥ ಕಾರ್ಯಕ್ರಮವನ್ನು ಹಿಡಿದಿಡು ಎಂದು ಯಂತ್ರಕ್ಕೆ ಮೊದಲೇ ಹೇಳಿಟ್ಟರೆ, ಅದು ತನ್ನ ಗಡಿಯಾರವನ್ನೇ ನಂಬಿ ಕೆಲಸ ಆರಂಭಿಸುತ್ತಿತ್ತು. ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದರೆ ಕಾರ್ಯಕ್ರಮದ ಮೊದಲ ಎರಡು ನಿಮಿಷ ಹೋದಂತೆಯೇ. ಅದನ್ನು ನಡೆಸುವುದು ಸೆಕೆಂಡಿಗೆ 32,768 ಬಾರಿ ಕಂಪಿಸುವ ಒಂದು ಪುಟ್ಟ ಸ್ಫಟಿಕ. ಅಂಥ ಸ್ಫಟಿಕ ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲು ತಪ್ಪಿದರೂ ದಿನಕ್ಕೆ ಹೆಚ್ಚುಕಡಿಮೆ ಎರಡು ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷ ವ್ಯತ್ಯಾಸ ಬಂದುಬಿಡುತ್ತದೆ. ಹಾಗಾಗಿ ನಮ್ಮ ತಂದೆ ಪ್ರತಿ ಭಾನುವಾರ ಆಕಾಶವಾಣಿಯ ವಾರ್ತೆಗೆ ಮೊದಲು ಬರುವ ಬೀಪ್ ಸದ್ದಿಗೆ ಕಾದು ಕುಳಿತು, ಕೊನೆಯ ಬೀಪಿಗೆ ಸರಿಯಾಗಿ ರಿಮೋಟಿನ ಗುಂಡಿ ಒತ್ತಿ ಗಡಿಯಾರವನ್ನು ತಿದ್ದುತ್ತಿದ್ದರು. 2013ರ ಮಾರ್ಚ್ 31ರ ಗಡುವಿನೊಂದಿಗೆ ಬೆಂಗಳೂರಿನ ಕೇಬಲ್ ಜಾಲ ಪೂರ್ತಿ ಡಿಜಿಟಲ್ ಆಗಿ, ರೆಕಾರ್ಡರಿನ ಸ್ವಂತ ಟ್ಯೂನರ್ ನಿಷ್ಪ್ರಯೋಜಕವಾಯಿತು. ಅಪ್ಪ ಎದೆಗುಂದಲಿಲ್ಲ. ಸೆಟ್‌ಟಾಪ್ ಪೆಟ್ಟಿಗೆಯಿಂದ ಹಳದಿ, ಕೆಂಪು, ಬಿಳಿ ತಂತಿಗಳನ್ನು ಎಳೆದು ಅದಕ್ಕೆ ಜೋಡಿಸಿಕೊಂಡರು. ಭಾನುವಾರದ ಬೀಪ್ ವ್ರತ 2017ರಲ್ಲಿ ಅವರು ತೀರಿಕೊಳ್ಳುವವರೆಗೂ ನಡೆಯಿತು.

ಆ ಮೇಲೆ ಯಂತ್ರ ಅಮ್ಮನ ಕೋಣೆಗೆ ಹೋಯಿತು. ಹಾಸಿಗೆಯಿಂದ ಕೈಯಳತೆಯ ದೂರದ ಕಪಾಟಿನಲ್ಲಿ ಕುಳಿತು, ನಿದ್ದೆ ಕಡಿಮೆಯಾದ ಮುದುಕಿಗೆ ರಾತ್ರಿಯಿಡೀ ಹೊತ್ತು ಹೇಳತೊಡಗಿತು. ಎರಡಾಗಿದ್ದರೆ ಮಗ್ಗುಲು ಬದಲಾಯಿಸುವುದು, ಐದಾಗಿದ್ದರೆ ಏಳುವುದು. ಆಗಾಗ ಮಧ್ಯಾಹ್ನದ ಹೊತ್ತು ಅವರು ಅದರಲ್ಲಿ ಒಂದೇ ಒಂದು ಕಾರ್ಯಕ್ರಮ ನೋಡುತ್ತಿದ್ದರು. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯ ಒಂದು ಸಂಚಿಕೆ. 2010ರಲ್ಲಿ ನಮ್ಮ ತಂದೆ ಅದರಲ್ಲಿ ಸ್ಪರ್ಧಿಯಾಗಿ ಕುಳಿತಿದ್ದರು. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುವುದು, ಗೊತ್ತಿರುವ ಉತ್ತರವೂ ಅಪ್ಪನ ನಾಲಗೆಯ ತುದಿಗೆ ಬಂದು ನಿಲ್ಲುವುದು, ಕೊನೆಗೆ ಬಹುಮಾನದ ಪುಸ್ತಕಗಳನ್ನು ಮಗುವಿನಂತೆ ಎದೆಗವಚಿಕೊಳ್ಳುವುದು — ಇಷ್ಟೂ ಆ ಡಿಸ್ಕಿನಲ್ಲಿತ್ತು. ಬೇರೆಲ್ಲೂ ನಮ್ಮ ಬಳಿ ಇರಲಿಲ್ಲ.

ಚಳಿ ಏರುತ್ತಿದ್ದಂತೆ ಗಡಿಯಾರದ ಅಂಕಿಗಳು ಮಂಕಾದವು. ಕೆಲದಿನ ಬೆಳಿಗ್ಗೆ ಏನೂ ಕಾಣದು; ಬಿಸಿಲೇರಿ ಕೋಣೆ ಬೆಚ್ಚಗಾದ ಮೇಲೆ ನಿಧಾನವಾಗಿ ಮೂಡುವುದು. ಆಮೇಲೊಂದು ದಿನ ಮೂಡಲೇ ಇಲ್ಲ. ತಯಾರಕ ಕಂಪನಿಯ ಸೇವಾ ಕೇಂದ್ರಕ್ಕೆ ಒಯ್ದೆ. ಅಲ್ಲಿದ್ದ ಯುವಕ ಯಂತ್ರವನ್ನು ಮುಟ್ಟಲಿಲ್ಲ. ಹಿಂಬದಿಯ ಚೀಟಿಯನ್ನು ಓದಿದ, ಕಂಪ್ಯೂಟರ್ ನೋಡಿದ. ‘ಈ ಮಾಡೆಲ್ ನಿಂತುಹೋಗಿ ಬಹಳ ವರ್ಷ ಆಯ್ತು ಸಾರ್. ಗಡಿಯಾರ ಹೋಗಿದೆ ಅಂದ್ರೆ ಬೋರ್ಡೇ ಬದಲಾಯಿಸಬೇಕು. ಬೋರ್ಡ್ ಬರೋಲ್ಲ. ಹಳೇ ಸಾಮಾನಿಗೆ ಕೊಟ್ಟುಬಿಡಿ’ ಎಂದ. ಒಳಗಿರುವ ಡಿಸ್ಕನ್ನಾದರೂ ತೆಗೆದುಕೊಡಬಹುದೇ ಎಂದರೆ, ತೆಗೆದರೂ ಕಂಪ್ಯೂಟರ್ ಅದನ್ನು ಓದುವುದಿಲ್ಲ ಎಂದ. ಅದು ನಿಜ. ಇಂಥ ರೆಕಾರ್ಡರುಗಳು ಬಹುಮಟ್ಟಿಗೆ ತಮ್ಮದೇ ಗುಟ್ಟಿನ ಲಿಪಿಯಲ್ಲಿ ಬರೆದುಕೊಳ್ಳುತ್ತವೆ. ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿದರೆ ಅದನ್ನು ಖಾಲಿಯೆಂದು ತಿಳಿದು, ಅಳಿಸಿ ಹೊಸದಾಗಿ ಸಿದ್ಧಮಾಡಲೇ ಎಂದು ಕೇಳುತ್ತವೆ.

ಸಮಯ ತಿಳಿಯುವುದಷ್ಟೇ ಸಮಸ್ಯೆಯಾಗಿದ್ದರೆ ಪರಿಹಾರ ಸುಲಭವಿತ್ತು. ರಂಗೋಲಿಯ ಆ ರಾತ್ರಿಯ ಮರುದಿನವೇ ಕೆಂಪು ಅಂಕಿಗಳ ಮೇಜಿನ ಗಡಿಯಾರವೊಂದನ್ನು ಕೊಂಡುತಂದೆ. ಕಣ್ಣಿಗೆ ಚುಚ್ಚುತ್ತದೆಂದು ಅಮ್ಮ ಅದರ ಮೇಲೆ ಕರವಸ್ತ್ರ ಹೊದಿಸಿದರು. ‘ಅದನ್ನ ಸರಿಮಾಡ್ಸು’ ಎಂಬ ಮಾತು ಮಾತ್ರ ನಿಲ್ಲಲಿಲ್ಲ. ಅವರ ಆತಂಕ ನನಗೆ ತಡವಾಗಿ ಅರ್ಥವಾಯಿತು. ಮುಂದಿನ ದೀಪವೇ ಆರಿದ ಮೇಲೆ ಒಳಗಿರುವ ಅಪ್ಪ ಇನ್ನೆಷ್ಟು ದಿನ ಉಳಿದಾರು ಎಂಬುದು ಅವರ ಚಿಂತೆ.

ಇಲ್ಲೊಂದು ಸಂಗತಿಯನ್ನು ಸಂಕೋಚದಿಂದಲೇ ಹೇಳಬೇಕು. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಕೆಪಾಸಿಟರ್ ಎಂದರೇನು, ಅದು ವಿದ್ಯುದಾವೇಶವನ್ನು ಹೇಗೆ ಕೂಡಿಡುತ್ತದೆ ಎಂಬುದನ್ನು ಕರಿಹಲಗೆಯ ಮೇಲೆ ನೂರಾರು ಬಾರಿ ಬರೆದವನು. ಆದರೂ ಆ ಪೆಟ್ಟಿಗೆಯ ನಾಲ್ಕು ತಿರುಪು ಬಿಚ್ಚಿ ಒಳಗೆ ನೋಡಬಹುದೆಂದು ನನಗೆ ಹೊಳೆಯಲಿಲ್ಲ. ಸೇವಾ ಕೇಂದ್ರದ ಯುವಕನಂತೆ ನಾನೂ ಚೀಟಿ ಓದಿ ಸುಮ್ಮನಾಗಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬ ದಾರಿಯಲ್ಲಿ ಸಿಕ್ಕಿ, ‘ಎಸ್.ಪಿ. ರಸ್ತೆಯಲ್ಲಿ ಒಬ್ಬರಿದ್ದಾರೆ, ಅವರಿಗೊಮ್ಮೆ ತೋರಿಸಿ ಸಾರ್’ ಎಂದಿರದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಎಸ್.ಪಿ. ರಸ್ತೆಯೆಂದೇ ಬೆಂಗಳೂರಿಗರ ಬಾಯಲ್ಲಿರುವ ಸಾದರ ಪತ್ರಪ್ಪ ರಸ್ತೆ ಪುರಭವನದ ಸಮೀಪದ ಎಲೆಕ್ಟ್ರಾನಿಕ್ಸ್ ಪೇಟೆ. ಅಲ್ಲಿ ಮಹಡಿಯೊಂದರ ಮೇಲೆ, ಎರಡು ಮೇಜು ಹಿಡಿಸುವಷ್ಟೇ ಜಾಗದಲ್ಲಿ, ಎಪ್ಪತ್ತು ಸಮೀಪಿಸಿದ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಕುಳಿತಿದ್ದರು. ವಾಲ್ವ್ ರೇಡಿಯೊಗಳ ಕಾಲದಿಂದ ರಿಪೇರಿ ಮಾಡುತ್ತ ಬಂದವರು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು:

‘ಟೀವಿಗೆ ಹಾಕಿ ಮೆನು ತೆಗೆದ್ರೆ, ಪರದೆ ಮೇಲೆ ಟೈಮ್ ಸರಿಯಾಗಿ ಬರುತ್ತಾ ಮೇಷ್ಟ್ರೇ?’

ನಾನು ನೋಡಿರಲಿಲ್ಲ. ಅವರು ಮೂಲೆಯಲ್ಲಿದ್ದ ಪುಟ್ಟ ಟಿ.ವಿ.ಗೆ ಜೋಡಿಸಿ ನೋಡಿದರು. ಅಂಗಡಿಯ ವಿದ್ಯುತ್ತಿಗೆ ಹಾಕಿದ ಮೇಲೆ ಸಮಯ ಕೊಡಬೇಕಾಯಿತು. ಕೊಟ್ಟು ಅರ್ಧ ಗಂಟೆ ಬಿಟ್ಟೆವು. ಪರದೆಯ ಮೇಲಿನ ಸಮಯ ಸರಿಯಾಗಿ ಅರ್ಧ ಗಂಟೆ ಮುಂದೆ ನಡೆದಿತ್ತು. ಮುಂಭಾಗ ಮಾತ್ರ ಕತ್ತಲೆ.

‘ಗಡಿಯಾರ ಕೆಟ್ಟಿಲ್ಲ. ತೋರ್ಸೋದು ಕೆಟ್ಟಿದೆ ಅಷ್ಟೆ. ಎರಡೂ ಬೇರೆ ಬೇರೆ’ ಎಂದರು ಅವರು.

ಆ ಬಳಿಕ ಅವರು ಹೇಳಿದ್ದು ನನಗೆ ಪಾಠವೇ ಆಯಿತು. ಆ ತಂಪು ಹಸಿರು ಬೆಳಕು ಈಗಿನ ಎಲ್‌ಇಡಿಯದಲ್ಲ. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಕೂದಲೆಳೆಯಂಥ ತಂತಿಗಳು ಕಣ್ಣಿಗೆ ಕಾಣದಷ್ಟು ಹದವಾಗಿ ಕಾದು ಎಲೆಕ್ಟ್ರಾನುಗಳನ್ನು ಚೆಲ್ಲುತ್ತವೆ. ಜಾಲರಿಯೊಂದು ಅವುಗಳನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಎದುರಿನ ಅಂಕಿಯ ಪಟ್ಟಿಗಳಿಗೆ ಬಳಿದ ಸತುವಿನ ಆಕ್ಸೈಡು ಅವು ಬಡಿದಾಗ ಬೆಳಗುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ವಿಧಾನ ತತ್ತ್ವದಲ್ಲಿ ಹಳೆಯ ರೇಡಿಯೊ ವಾಲ್ವೇ. ‘ಡಿಜಿಟಲ್ ಅಂತಾರೆ, ಎದೆ ಮೇಲೆ ವಾಲ್ವ್ ಇಟ್ಕೊಂಡಿದೆ’ ಎಂದು ಅವರು ನಕ್ಕರು. ಯಂತ್ರದ ಉಳಿದ ಭಾಗಗಳಿಗೆ ಐದು ಹನ್ನೆರಡು ವೋಲ್ಟು ಸಾಕು. ಈ ಗಾಜಿಗೆ ಮಾತ್ರ ತಂತಿ ಕಾಯಿಸಲು ಒಂದು ವಿದ್ಯುತ್ತು, ಎಲೆಕ್ಟ್ರಾನುಗಳನ್ನು ಸೆಳೆಯಲು ಇಪ್ಪತ್ತು ಮೂವತ್ತು ವೋಲ್ಟಿನ ಇನ್ನೊಂದು ವಿದ್ಯುತ್ತು ಬೇಕು. ಆ ಪ್ರತ್ಯೇಕ ಪೂರೈಕೆ ಬತ್ತಿದರೆ ಮಿಕ್ಕದ್ದೆಲ್ಲ ನಡೆಯುತ್ತಿದ್ದು ಅಂಕಿಗಳಷ್ಟೇ ಆರುತ್ತವೆ.

ಬತ್ತುವುದೆಂಬುದು ಇಲ್ಲಿ ಬರಿಯ ಅಲಂಕಾರದ ಮಾತಲ್ಲ. ಪೂರೈಕೆಯನ್ನು ಸಮವಾಗಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ದ್ರವದಲ್ಲಿ ನೆನೆದ ಕಾಗದವಿರುತ್ತದೆ. ವರ್ಷಗಳು ಕಳೆದಂತೆ ದ್ರವ ಆರುತ್ತದೆ, ಒಳಗಿನ ತಡೆ ಹೆಚ್ಚುತ್ತದೆ. ಚಳಿಯಲ್ಲಿ ಆ ತಡೆ ಇನ್ನೂ ಹೆಚ್ಚು, ಬೆಚ್ಚಗಾದರೆ ಕಡಿಮೆ. ಬೆಳಿಗ್ಗೆ ಕಾಣದ ಅಂಕಿಗಳು ಬಿಸಿಲೇರಿದ ಮೇಲೆ ಮೂಡುತ್ತಿದ್ದುದು ಇದಕ್ಕೇ. ರೋಗವು ತಿಂಗಳುಗಟ್ಟಲೆ ತನ್ನ ಲಕ್ಷಣವನ್ನು ತಾನೇ ಹೇಳುತ್ತಿತ್ತು; ಕೇಳುವ ವಿದ್ಯೆ ನನ್ನಲ್ಲಿರಲಿಲ್ಲ.

ಕೆಪಾಸಿಟರಿನ ಮೈಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಆ ಉಷ್ಣತೆಯಲ್ಲಿ ಎರಡು ಸಾವಿರ ಗಂಟೆ ಬಾಳುತ್ತದೆಂದು ತಯಾರಕರು ಹೇಳಿದ್ದರೆ, ಪ್ರತಿ ಹತ್ತು ಡಿಗ್ರಿ ಇಳಿದಂತೆ ಆಯಸ್ಸು ಇಮ್ಮಡಿಯಾಗುತ್ತದೆಂಬುದು ಈ ವೃತ್ತಿಯವರ ಲೆಕ್ಕ. ಪೆಟ್ಟಿಗೆಯೊಳಗೆ ಸದಾ 45 ಡಿಗ್ರಿಯಿದ್ದರೆ 1,28,000 ಗಂಟೆ, ಅಂದರೆ ಹದಿನಾಲ್ಕೂವರೆ ವರ್ಷ. ನಮ್ಮ ಯಂತ್ರಕ್ಕೆ ಆಗ ಹದಿನೈದು. ಕೆಪಾಸಿಟರ್ ಮೋಸ ಮಾಡಿರಲಿಲ್ಲ, ಅದರ ಆಯಸ್ಸು ತೀರಿತ್ತು ಅಷ್ಟೆ. ಹತ್ತು ರೂಪಾಯಿಯ ಬಿಡಿಭಾಗದ ಆಯಸ್ಸನ್ನೇ ಇಡೀ ಯಂತ್ರದ ಆಯಸ್ಸೆಂದು ತೀರ್ಮಾನಿಸಿದವರು ನಾವು.

ಹಿರಿಯರು ಒಡನೆ ಪೆಟ್ಟಿಗೆ ಬಿಚ್ಚಲಿಲ್ಲ. ‘ಮೊದ್ಲು ಒಳಗಿರೋದನ್ನ ಹೊರಗೆ ತಕ್ಕೊಳ್ಳಿ. ಡಿಸ್ಕಿಗೂ ಹದಿನೈದು ವರ್ಷ. ದೀಪ ಹಚ್ಚೋಕೆ ಹೋಗಿ ಮನೆ ಕಳ್ಕೋಬಾರದು’ ಎಂದು ಹಿಂದಕ್ಕೆ ಕಳಿಸಿದರು. ಡಿವಿಡಿಯ ಲೇಸರ್ ಎಂದೋ ಸವೆದುಹೋಗಿತ್ತು. ಅದೇ ಹಳದಿ, ಕೆಂಪು, ಬಿಳಿ ತಂತಿಗಳನ್ನು ಸಣ್ಣದೊಂದು ಸಾಧನದ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ, ಕಾರ್ಯಕ್ರಮ ಓಡುವಷ್ಟೇ ಹೊತ್ತು ಕಾದು ಪ್ರತಿ ಮಾಡಿಕೊಳ್ಳಬೇಕಾಯಿತು. ಮೊದಲು ಅಪ್ಪನ ಅರ್ಧ ಗಂಟೆ. ಆಮೇಲೆ ಹತ್ತು ಸಂಜೆಗಳು ಉಳಿದವಕ್ಕೆ. ಅಮ್ಮ ಪಕ್ಕದಲ್ಲೇ ಕುಳಿತಿದ್ದರು. ಅಪ್ಪ ಒಂದು ಉತ್ತರಕ್ಕೆ ತಡವರಿಸಿದಾಗ, ಹದಿನಾಲ್ಕು ವರ್ಷಗಳಿಂದ ಗೊತ್ತಿರುವ ಆ ಉತ್ತರವನ್ನು ಪರದೆಗೆ ಕೇಳಿಸುವಂತೆ ಜೋರಾಗಿ ಹೇಳಿದರು.

ಪ್ರತಿ ಸಿಕ್ಕಿತಲ್ಲ, ಇನ್ನು ರಿಪೇರಿ ಏಕೆ ಎಂದು ನನ್ನ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ನನ್ನ ಬಳಿ ಲಾಭನಷ್ಟದ ಉತ್ತರವಿರಲಿಲ್ಲ. ಏನು ಕೆಟ್ಟಿದೆಯೆಂದು ತಿಳಿದ ಮೇಲೆ ಅದನ್ನು ಸರಿಪಡಿಸದೆ ಬಿಸಾಡುವುದು, ತಿಳಿಯದೆ ಬಿಸಾಡುವುದಕ್ಕಿಂತ ದೊಡ್ಡ ತಪ್ಪೆಂದು ಮಾತ್ರ ಅನ್ನಿಸಿತು.

ಜನವರಿಯ ಒಂದು ಬೆಳಿಗ್ಗೆ ಪೆಟ್ಟಿಗೆ ತೆರೆದೆವು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರಕ್ಕೂ ಹೆಚ್ಚು ವೋಲ್ಟು ಉಳಿದಿರಬಹುದಾದ್ದರಿಂದ ಅವರು ಮೊದಲು ಅದನ್ನು ಬರಿದುಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಕೈಯಿಟ್ಟರು. ಓದುಗರು ಇದನ್ನು ಮನೆಯಲ್ಲಿ ತಾವೇ ಪ್ರಯೋಗಿಸದಿರುವುದು ಕ್ಷೇಮ. ಅಂಕಿಗಳ ಪೂರೈಕೆಯ ದಾರಿಯಲ್ಲಿ ನಾಲ್ಕು ಪುಟ್ಟ ಕೆಪಾಸಿಟರುಗಳಿದ್ದವು. ಹೊರನೋಟಕ್ಕೆ ನಾಲ್ಕೂ ಸೊಗಸಾಗಿದ್ದವು. ಮೀಟರು ಮಾತ್ರ ಎರಡು ಸತ್ತಿವೆಯೆಂದಿತು. ಅವರು ಮೂರನ್ನು ಬದಲಾಯಿಸಿ, ಕಾದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. ‘ಒಂದನ್ನ ನೀವೇ ಹಾಕಿ ಮೇಷ್ಟ್ರೇ. ಗೆರೆ ಇರೋ ಕಡೆ ಋಣ, ಗೊತ್ತಲ್ಲ?’ ಗೊತ್ತಿತ್ತು. ಮೂವತ್ತೊಂದು ವರ್ಷ ಅದನ್ನೇ ಹೇಳಿದ್ದೆ. ಆದರೂ ಕೈ ನಡುಗಿತು, ಬೆಸುಗೆ ಉಂಡೆಕಟ್ಟಿತು. ಅವರು ಅದನ್ನು ಹೀರಿ ತೆಗೆದು ಮತ್ತೆ ಮಾಡಿಸಿದರು. ಬಿಡಿಭಾಗಗಳಿಗೆ ನಲವತ್ತು ರೂಪಾಯಿ, ಕೂಲಿ ಆರುನೂರು.

ಕಲಿಯಲು ಹುಡುಗರು ಬರುತ್ತಾರೆಯೇ ಎಂದು ಕೇಳಿದೆ. ಮೊಬೈಲ್ ಕಲಿಯಲು ಬರುತ್ತಾರೆ, ಅಲ್ಲೂ ಬೋರ್ಡ್ ಬದಲಾಯಿಸುವುದನ್ನು ಕಲಿತು ಹೋಗುತ್ತಾರೆ ಎಂದರು. ಈ ಯಂತ್ರದ ವಿದ್ಯುನ್ನಕ್ಷೆ ಅವರ ಬಳಿಯೂ ಇರಲಿಲ್ಲ. ಹಿಂದೆ ರೇಡಿಯೊ ಕೊಂಡವರಿಗೆ ಪೆಟ್ಟಿಗೆಯೊಳಗೇ ನಕ್ಷೆ ಅಂಟಿಸಿ ಕೊಡುತ್ತಿದ್ದುದನ್ನು ನೆನೆದರು.

ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ 1961ರಲ್ಲಿ ಶುರುವಾದದ್ದು ಇದೇ ಬೆಂಗಳೂರಿನಲ್ಲಿ. ಆ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆದರೆ ಕಾರ್ಖಾನೆ ಹೋದರೂ ಅದರ ಗಡಿಯಾರಗಳು ಹೋಗಲಿಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ ರಿಪೇರಿಯವರ ಕೈಯಲ್ಲಿ ಅವು ಇಂದಿಗೂ ಬಿಚ್ಚಿಕೊಳ್ಳುತ್ತವೆ, ಎಣ್ಣೆ ಕುಡಿದು ಮತ್ತೆ ಓಡುತ್ತವೆ. ತಯಾರಕನ ಆಯಸ್ಸಿಗೆ ವಸ್ತುವಿನ ಆಯಸ್ಸನ್ನು ಗಂಟುಹಾಕದ ಕಾಲದ ವಸ್ತುಗಳವು. ಈಗ ಗಂಟು ಬಿಗಿಯಾಗಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತು 6.2 ಕೋಟಿ ಟನ್ ಎಲೆಕ್ಟ್ರಾನಿಕ್ ತ್ಯಾಜ್ಯವನ್ನು ಹೊರಹಾಕಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಶೇ 22.3 ಮಾತ್ರ. ಆ ರಾಶಿಯಲ್ಲಿ ನಿಜವಾಗಿ ಸತ್ತವೆಷ್ಟು, ಮುಂದಿನ ದೀಪ ಮಾತ್ರ ಆರಿದವೆಷ್ಟು?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕಿ’ನ ಬಗ್ಗೆ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ — ಈ ನಾಲ್ಕು ವಲಯಗಳ ತಯಾರಕರು ದುರಸ್ತಿಯ ಮಾಹಿತಿಯನ್ನು ಅಲ್ಲಿ ಗ್ರಾಹಕರ ಮುಂದಿಡಬೇಕೆಂಬುದು ಆಶಯ. ಐರೋಪ್ಯ ಒಕ್ಕೂಟ 2024ರಲ್ಲಿ ಈ ಬಗ್ಗೆ ನಿರ್ದೇಶನವನ್ನೇ ಹೊರಡಿಸಿತು. ಒಳ್ಳೆಯ ಹೆಜ್ಜೆಗಳು. ಆದರೆ ಸೇವಾ ಕೇಂದ್ರದ ದೂರವಾಣಿ ಸಂಖ್ಯೆಯನ್ನು ಪ್ರಕಟಿಸುವುದಷ್ಟೇ ದುರಸ್ತಿಯ ಮಾಹಿತಿಯಾಗದು. ಮಾರಾಟ ನಿಲ್ಲಿಸಿದ ದಿನ ಆ ಯಂತ್ರದ ನಕ್ಷೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಡಬೇಕೆಂಬ ಒಂದು ನಿಯಮ ಬಂದರೆ ಕಂಪನಿಗಳಿಗೆ ಆಗುವ ನಷ್ಟವಾದರೂ ಏನು? ನಮ್ಮ ಕಾಲೇಜುಗಳೂ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಸೂತ್ರ ಬರೆಸಿ, ಕೈಗೆ ಕಾದ ಕಡ್ಡಿ ಕೊಡದೆ ಸಾವಿರಾರು ಮಕ್ಕಳನ್ನು ಹೊರಗೆ ಕಳಿಸಿದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ.

ಯಂತ್ರ ಮನೆಗೆ ಬಂದದ್ದು ಶನಿವಾರ. ವಿದ್ಯುತ್ತು ಕೊಟ್ಟೊಡನೆ ನಾಲ್ಕು ಅಡ್ಡಗೆರೆಗಳು ಬೆಳಗಿದವು. ಸಮಯ ಕೊಡಿ ಎಂಬ ಅದರ ಕೋರಿಕೆ. ಮೊಬೈಲ್ ನೋಡಿ ಆಗಲೇ ಕೊಡಬಹುದಿತ್ತು. ಅಮ್ಮ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಮೊಬೈಲಿನಲ್ಲೇ ಆಕಾಶವಾಣಿ ಹಚ್ಚಿದೆ. ಅಂತರ್ಜಾಲದ ದಾರಿಯಲ್ಲಿ ಬರುವ ಬೀಪ್ ಹಲವು ಸೆಕೆಂಡು ತಡವಾಗಿ ತಲುಪುತ್ತದೆಂಬುದು ಆಮೇಲೆ ನೆನಪಾಗಿ, ಅಟ್ಟದಿಂದ ಅಪ್ಪನ ಟ್ರಾನ್ಸಿಸ್ಟರ್ ಇಳಿಸಿ ಹೊಸ ಸೆಲ್ಲು ಹಾಕಿದೆ. ಕೊನೆಯ ಬೀಪಿಗೆ ಅಮ್ಮನೇ ರಿಮೋಟ್ ಒತ್ತಿದರು.

ಅಂಕಿಗಳು ಮೂಡಿದವು. ಮೊದಲಿನಂತೆ ಸಮವಾಗಿ ಅಲ್ಲ. ಪ್ರತಿ ಅಂಕಿಯನ್ನೂ ಏಳು ಪಟ್ಟಿಗಳು ಸೇರಿ ಬರೆಯುತ್ತವೆ. ಬಲಗಡೆಯ ಕೆಳಗಿನ ಪಟ್ಟಿ ಎರಡನ್ನು ಬಿಟ್ಟು ಉಳಿದೆಲ್ಲ ಅಂಕಿಗಳಿಗೂ ದುಡಿಯುತ್ತದೆ. ಎಡಗಡೆಯ ಕೆಳಗಿನದು ಸೊನ್ನೆ, ಎರಡು, ಆರು, ಎಂಟು, ಈ ನಾಲ್ಕಕ್ಕೆ ಮಾತ್ರ. ಹದಿನೈದು ವರ್ಷ ಹೆಚ್ಚು ದುಡಿದ ಪಟ್ಟಿ ಮಂಕಾಗಿದೆ, ಬಿಡುವಾಗಿದ್ದದ್ದು ಇನ್ನೂ ಹೊಳೆಯುತ್ತಿದೆ. ಕೆಪಾಸಿಟರ್ ಬದಲಾಯಿಸಿದರೆ ಈ ಸವೆತ ಮರಳದು; ಇದಕ್ಕೆ ರಿಪೇರಿಯಿಲ್ಲವೆಂದು ಆ ಹಿರಿಯರು ಮೊದಲೇ ಹೇಳಿದ್ದರು. ಅದನ್ನು ಅಮ್ಮನಿಗೆ ವಿವರಿಸಿ, ಮೊದಲಿನಷ್ಟು ಬೆಳಕು ಬಾರದೆಂದು ತಿಳಿಸಿದೆ.

‘ಇಷ್ಟು ವರ್ಷ ಉರಿದಿದೆ, ಸವೀದೆ ಇರುತ್ತೇನೋ? ನನಗೆ ಕಾಣುತ್ತೆ, ಸಾಕು’ ಎಂದರು.

ಮರುದಿನ ನಾನು ಎದ್ದಾಗ ಗೇಟಿನ ಮುಂದೆ ರಂಗೋಲಿ ಮುಗಿದಿತ್ತು. ಒಳಗೆ ಹೋಗಿ ಅವರ ಕೋಣೆಯಲ್ಲಿ ನೋಡಿದೆ. ಐದು ಗಂಟೆ ನಲವತ್ತು ನಿಮಿಷ. ಕೆಂಪು ಅಂಕಿಗಳ ಗಡಿಯಾರ ಕರವಸ್ತ್ರದಡಿ ಇನ್ನೂ ಓಡುತ್ತಿತ್ತು.